ದ್ರಾಕ್ಷಿ ತೋಟದ ಹೊಂಡಕ್ಕೆ ರಬ್ಬರ್ ಹುಳು

ತೆಲಸಂಗದಲ್ಲಿ ಮೀನಿನ ಮಾತು ತೆಗೆದರೆ ಕೇಳಿದವರು ಮೊದಲು ನಗುತ್ತಾರೆ. ಅಥಣಿಯಿಂದ ವಿಜಯಪುರದ ದಾರಿ ಹಿಡಿದು ಇತ್ತ ಬಂದರೆ ಕೃಷ್ಣೆ ಬೆನ್ನ ಹಿಂದೆ ಉಳಿಯುತ್ತಾಳೆ. ಮುಂದೆ ಕಾಣುವುದು ಜೋಳದ ಹೊಲ, ಜಾಲಿ, ದ್ರಾಕ್ಷಿಯ ಚಪ್ಪರ, ಒಣದ್ರಾಕ್ಷಿಯ ಶೆಡ್ಡು. ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ಕತೆಯನ್ನು ಇಲ್ಲಿಯ ಯಾವ ಬೆಳೆಗಾರನ ಬಾಯಲ್ಲಿ ಬೇಕಾದರೂ ಕೇಳಬಹುದು. ಆದರೆ ಆ ನೀರಿನ ಭಯವೇ ಈ ಸೀಮೆಗೆ ಮೀನನ್ನೂ ತಂದಿತು. ಬೇಸಿಗೆಗೆ ಇರಲಿ ಎಂದು ತೋಟದ ಮೂಲೆಯಲ್ಲಿ ಹೊಂಡ ತೋಡಿ, ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ ನೀರು ತುಂಬಿಸಿದರು. ನೀರು ನಿಂತಿದೆಯಲ್ಲ ಎಂದು ಕಾಟ್ಲಾ, ರೋಹು ಮರಿ ಬಿಟ್ಟರು. ಯಾರೂ ಬಿಡದ ಜಿಲೇಬಿ ಮೀನೂ ಬಂತು. ಕೆಲವು ಹೊಂಡಗಳಿಗೆ ಅದರ ಹಿಂದೆಯೇ ಮುರಲ ಮೀನೂ ಬಂತು.

ಈಗ ಆ ಹೊಂಡಗಳ ದಂಡೆಯಲ್ಲಿ ಹೊಸದೊಂದು ನೋಟ. ಬಿದಿರು ಕೋಲಿನ ಬದಲು ಕಾರ್ಬನ್ ಕೋಲು, ಅದಕ್ಕೆ ರೀಲು, ಸೊಂಟಕ್ಕೆ ಚೀಲ. ಚೀಲದಲ್ಲಿ ಜಿಪ್ ಹಾಕಿದ ಪೊಟ್ಟಣ, ಪೊಟ್ಟಣದಲ್ಲಿ ಬಣ್ಣಬಣ್ಣದ ರಬ್ಬರ್ ಹುಳು. ಆನ್‌ಲೈನಿನಲ್ಲಿ ತರಿಸಿದ್ದು. ಪೊಟ್ಟಣದ ಮೇಲೆ ದಪ್ಪ ಹೊಟ್ಟೆಯ ಹಸಿರು ಮೀನೊಂದು ಬಾಯಿ ಅಗಲಿಸಿಕೊಂಡು ನೀರಿನಿಂದ ಎಗರುತ್ತಿರುತ್ತದೆ. ಅದು ಬಾಸ್, ಅಮೆರಿಕದ ಲಾರ್ಜ್‌ಮೌತ್ ಬಾಸ್. ಕೃಷ್ಣೆಯಲ್ಲಿ ಆ ಮೀನಿಲ್ಲ, ತೆಲಸಂಗದ ಹೊಂಡದಲ್ಲಂತೂ ಇಲ್ಲ. ಮಾರುಕಟ್ಟೆಯಲ್ಲಿ ‘ಸೀ ಬಾಸ್’ ಎಂದು ಮಾರುವುದು ಕರಾವಳಿಯ ಅಳಿವೆಯ ಬೇರೆಯದೇ ಮೀನು. ಹಾಗಾದರೆ ಈ ಹುಳು ಯಾರಿಗೆ? ಅದಕ್ಕೆ ಎಂಥ ಕೋಲು, ಎಂಥ ದಾರ? ಯೂಟ್ಯೂಬ್‌ನಲ್ಲಿ ಟೆಕ್ಸಾಸಿನವನೊಬ್ಬ ಹೇಳಿದ್ದನ್ನು ಇಲ್ಲಿ ಹಾಗೆಯೇ ಮಾಡಿದರೆ ಕೈಗೆ ಬರುವುದು ಪಾಚಿ ಮಾತ್ರ. ನೀರು ನೋಡಿ ಗಾಳ ಆರಿಸಬೇಕು. ಅಂಗಡಿಯಿಂದ ಶುರು ಮಾಡಿ ನೀರಿಗೆ ಬರುವವನಿಗಿಂತ ನೀರಿನಿಂದ ಶುರು ಮಾಡಿ ಅಂಗಡಿಗೆ ಹೋಗುವವನಿಗೆ ಖರ್ಚೂ ಕಡಿಮೆ, ಮೀನೂ ಹೆಚ್ಚು.

ಹುಳುವಿನ ಹುಟ್ಟು ಸ್ವಾರಸ್ಯದ್ದು. 1949ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ ನಿಕ್ ಕ್ರೀಮ್ ಎಂಬ ಯಂತ್ರ ಕೆಲಸಗಾರ ಮನೆಯಲ್ಲೇ ಪ್ಲಾಸ್ಟಿಕ್ ಕಾಯಿಸಿ ಎರೆಹುಳುವಿನ ಅಚ್ಚಿಗೆ ಹೊಯ್ದ. ಆಕ್ರನ್ ಎಂದರೆ ಟೈರಿನ ಊರು, ರಬ್ಬರಿನ ವಾಸನೆಯಲ್ಲೇ ಬೆಳೆದ ಊರು. ಅವನ ಹುಳು ಅಂಚೆಯಲ್ಲಿ ಡಾಲರಿಗೆ ಐದರಂತೆ ಮಾರಾಟವಾಯಿತು. ಮುಂದೆ ಟೆಕ್ಸಾಸಿನಲ್ಲಿ ದೊಡ್ಡ ಅಣೆಕಟ್ಟುಗಳು ಎದ್ದು, ಮುಳುಗಿದ ಕಾಡಿನ ಬೊಡ್ಡೆಗಳ ನಡುವೆ ಬಾಸ್ ಹಿಡಿಯುವ ಹುಚ್ಚು ಹತ್ತಿದಾಗ ಕ್ರೀಮ್ ಕಂಪನಿಯೂ ಅಲ್ಲಿಯ ಟೈಲರ್ ಊರಿಗೆ ಹೋಯಿತು. ನಾವು ರಬ್ಬರ್ ಎನ್ನುತ್ತೇವೆ, ನಿಜದಲ್ಲಿ ಅದು ಪಿವಿಸಿ ಪುಡಿಯನ್ನು ಎಣ್ಣೆಯಂಥ ಮೆದುಕಾರಕದಲ್ಲಿ ಕಲಸಿ, ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಅಚ್ಚಿಗೆ ಹೊಯ್ದದ್ದು. ಆ ಎಣ್ಣೆ ಹೆಚ್ಚಾದಷ್ಟೂ ಹುಳು ಮೆತ್ತಗೆ. ಉಪ್ಪು ಬೆರೆಸಿದರೆ ಭಾರವಾಗಿ ತಾನಾಗಿಯೇ ಮುಳುಗುತ್ತದೆ. ಪೊಟ್ಟಣದಿಂದ ತೆಗೆದು ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಹಾಕಿಟ್ಟರೆ ಬೇಸಿಗೆಯ ಬಿಸಿಗೆ ಹುಳು ಡಬ್ಬಿಯನ್ನೇ ಕರಗಿಸಿ ಅಂಟಿಕೊಂಡು ಕೂರುತ್ತದೆ. ಅಥಣಿಯ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯೊಳಗೆ ಇಟ್ಟರಂತೂ ಕೇಳುವುದೇ ಬೇಡ. ಬಂದ ಪೊಟ್ಟಣದಲ್ಲೇ ಇಡಿ.

ಬಾಸ್ ಇಲ್ಲದ ಕಡೆ ಅದರ ಕೆಲಸ ಮಾಡುವವನು ಮುರಲ. ಗಡಿಯಾಚೆ ಜತ್ತ, ಸಾಂಗಲಿಯವರು ಮರಳ ಎನ್ನುತ್ತಾರೆ, ದಕ್ಷಿಣಕ್ಕೆ ಹೋದರೆ ಕೊರವ. ಹಾವಿನಂಥ ತಲೆ, ಉದ್ದ ಮೈ. ಎರಡೂ ಮೀನು ಬೇರೆ ಬೇರೆ ಕುಲದವು, ಬದುಕು ಮಾತ್ರ ಒಂದೇ ಬಗೆ. ಬಾಸಿನ ಹಾಗೆ ಮುರಲವೂ ಬೇಟೆಯನ್ನು ಅಟ್ಟಿಸಿಕೊಂಡು ದೂರ ಓಡುವುದಿಲ್ಲ. ಕಳೆಯ ನೆರಳಿನಲ್ಲಿ, ಬೊಡ್ಡೆಯ ಪಕ್ಕದಲ್ಲಿ ಕದಲದೆ ಕೂತು, ಎದುರಿಗೆ ಬಂದದ್ದನ್ನು ಒಂದೇ ಗುಟುಕಿಗೆ ಎಳೆದುಕೊಳ್ಳುತ್ತದೆ. ಇನ್ನೊಂದು ಅನುಕೂಲವುಂಟು: ಮುರಲ ಗಾಳಿ ಉಸಿರಾಡುವ ಮೀನು, ಆಗಾಗ ಮೇಲೆ ಬಂದು ಬಾಯಿ ತೆರೆದು ಹೋಗಲೇಬೇಕು. ನಿಂತ ನೀರಿನ ದಂಡೆಯಲ್ಲಿ ಸದ್ದಿಲ್ಲದೆ ಕೂತರೆ ‘ಪ್ಲಕ್’ ಎಂದು ಸಣ್ಣದೊಂದು ಸುತ್ತು ಏಳುವುದು ಕಾಣುತ್ತದೆ. ಮೀನಿರುವ ಜಾಗವನ್ನು ಮೀನೇ ತೋರಿಸಿಕೊಟ್ಟಂತಾಯಿತು. ಗಾಳವನ್ನು ಆ ಸುತ್ತಿನ ಮೇಲೆ ಎಸೆಯಬಾರದು. ನಾಲ್ಕಾರು ಅಡಿ ಆಚೆ ಎಸೆದು, ಅದರ ಮೂತಿಯ ಮುಂದೆ ಹಾಯುವಂತೆ ತರಬೇಕು.

ಕಾಟ್ಲಾ, ರೋಹುಗಳಿಗೆ ಈ ಹುಳು ಹಾಕುವುದು ದಂಡ. ಅವಕ್ಕೆ ಹಿಟ್ಟಿನ ಉಂಡೆಯೇ ಸೈ. ಕೃಷ್ಣೆಯ ಹಾವುಮೀನು ನಿಜವಾದ ಎರೆಹುಳುವಿಗೆ ಮಾತ್ರ ಬಾಯಿ ಹಾಕುವುದನ್ನು ನೋಡಿದ್ದೇನೆ, ಅದಕ್ಕೆ ವಾಸನೆ ಬೇಕು. ಹೊಳೆಯ ಬಾಳೆ ಮೀನು ಬಾಲ ಬಡಿಯುವ ಮೀನಾಕಾರದ ಪ್ಲಾಸ್ಟಿಕ್ಕಿಗೆ ಬೀಳುತ್ತದೆ, ನೆಟ್ಟಗಿನ ಹುಳುವಿಗೆ ಕಡಿಮೆ. ಆದ್ದರಿಂದ ಇಲ್ಲಿ ಹುಳುವಿನ ಗಾಳ ಎಂದರೆ ಮುಕ್ಕಾಲು ಪಾಲು ಮುರಲದ ಗಾಳ.

ದ್ರಾಕ್ಷಿ ತೋಟದ ಹೊಂಡದಿಂದಲೇ ಶುರು ಮಾಡೋಣ. ಇಳಿಜಾರು ಗೋಡೆ, ತಳಕ್ಕೆಲ್ಲ ಹಾಳೆ, ಹಾಳೆಯ ಮೇಲೆ ಬೆರಳುದ್ದದ ಪಾಚಿ. ಅಡಗಲು ಕಲ್ಲಿಲ್ಲ, ಬೊಡ್ಡೆಯಿಲ್ಲ. ಮೀನು ನಿಲ್ಲುವುದು ಪಂಪಿನ ಪೈಪಿನ ಹತ್ತಿರ, ಹಾಳೆ ಮಡಿಕೆ ಬಿದ್ದಲ್ಲಿ, ಮಧ್ಯಾಹ್ನವಾದರೆ ದಂಡೆಯ ನೆರಳು ಬೀಳುವ ಕಡೆ. ಹೊಂಡದ ಧಣಿಗೆ ಮೀನಿಗಿಂತ ಹಾಳೆಯ ಚಿಂತೆ ದೊಡ್ಡದು. ಮೊನೆ ಹೊರಗಿರುವ ಗಾಳ ಹಾಳೆಗೆ ಸಿಕ್ಕಿ, ನೀವು ಅದನ್ನು ಜಗ್ಗಿ, ಒಂದು ತೂತು ಬಿದ್ದರೆ ಬೇಸಿಗೆಯ ನೀರು ಹೋಯಿತು. ಮತ್ತೆ ನಿಮ್ಮನ್ನು ಆ ತೋಟದೊಳಗೆ ಬಿಟ್ಟುಕೊಳ್ಳುವವರು ಯಾರು? ಮೊನೆಯನ್ನು ಹುಳುವಿನೊಳಗೇ ಮುಚ್ಚಿಡುವ ಟೆಕ್ಸಾಸ್ ಕಟ್ಟು ಹುಟ್ಟಿದ್ದು ಮುಳುಗಿದ ಮರಗಳಿಗೆ, ಕಳೆಗೆ. ಆದರೆ ತಾಡಪತ್ರಿ ಹಾಸಿದ ಹೊಂಡಕ್ಕೆ ಅದಕ್ಕಿಂತ ಒಳ್ಳೆಯ ಕಟ್ಟು ನನಗೆ ಗೊತ್ತಿಲ್ಲ.

ಕಟ್ಟುವುದು ಹೀಗೆ. ದಾರಕ್ಕೆ ಮೊದಲು ಬುಲೆಟ್ ಆಕಾರದ ತೂತಿನ ತೂಕ ಪೋಣಿಸಿ, ಚೂಪು ತುದಿ ಕೋಲಿನ ಕಡೆಗಿರಲಿ. ಆಮೇಲೆ ಹುಳುವಿನ ಗಾಳ ಕಟ್ಟಿ. ಇದರ ಕತ್ತಿನ ಹತ್ತಿರ ಮೆಟ್ಟಿಲಿನಂಥ ಬಾಗು ಇರುತ್ತದೆ, ಅದನ್ನು ನೋಡಿಯೇ ಕೊಳ್ಳಬೇಕು. ಮೊನೆಯನ್ನು ಹುಳುವಿನ ತಲೆಯ ನಟ್ಟನಡುವೆ ಚುಚ್ಚಿ, ಅರ್ಧ ಸೆಂಟಿಮೀಟರಿನಷ್ಟು ಒಳಗೆ ಹೋದ ಮೇಲೆ ಪಕ್ಕಕ್ಕೆ ಹೊರಗೆ ತೆಗೆಯಿರಿ. ಗಾಳವನ್ನು ಪೂರ್ತಿ ಜಗ್ಗಿ, ಬಾಗಿನ ತನಕ ತಲೆ ಏರಿಸಿ, ಗಾಳವನ್ನು ಅರ್ಧ ಸುತ್ತು ತಿರುಗಿಸಿ. ಈಗ ಮೊನೆ ಹುಳುವಿನ ಮೈಗೆ ಎದುರಾಗಿ ನಿಲ್ಲುತ್ತದೆ. ಹುಳುವನ್ನು ನೇರ ಜೋತುಬಿಟ್ಟು, ಗಾಳದ ಬಗ್ಗು ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಉಗುರಿನಿಂದ ಗುರುತು ಮಾಡಿ ಅಲ್ಲೇ ಚುಚ್ಚಿ. ಮೊನೆ ಆಚೆ ಬದಿಯ ತೊಗಲಿನ ಕೆಳಗೆ, ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟ ಹಾಗೆ, ಕಂಡೂ ಕಾಣದಂತೆ ನಿಲ್ಲಬೇಕು. ಬೆರಳಾಡಿಸಿದರೆ ಚುಚ್ಚಬಾರದು, ಒತ್ತಿದರೆ ಚುಚ್ಚಬೇಕು. ಕೊನೆಗೆ ಹುಳುವನ್ನು ಕಣ್ಣೆತ್ತರಕ್ಕೆ ಹಿಡಿದು ನೋಡಿ. ಕಡ್ಡಿಯಷ್ಟು ನೆಟ್ಟಗಿರಬೇಕು. ಗೂನು ಬೆನ್ನಿದ್ದರೆ ನೀರಿನಲ್ಲಿ ಗಿರಗಿರನೆ ತಿರುಗುತ್ತದೆ, ದಾರ ಹುರಿಗೊಳ್ಳುತ್ತದೆ, ಮೀನು ಹತ್ತಿರ ಸುಳಿಯುವುದಿಲ್ಲ. ಸಿಗಲಿಲ್ಲ ಎಂದು ಗೊಣಗುವವರ ಹುಳುಗಳಲ್ಲಿ ಹೆಚ್ಚಿನವು ಗೂನು.

ನಾಲ್ಕರಿಂದ ಆರಿಂಚಿನ ಹುಳುವಿಗೆ 2/0ರಿಂದ 4/0 ಗಾಳ ಸಾಕು. ತೂಕದ ವಿಚಾರದಲ್ಲಿ ನನ್ನದು ಒಂದೇ ಹಟ: ತಳ ಮುಟ್ಟಿದ್ದು ಕೈಗೆ ತಿಳಿಯುವಷ್ಟು ಇರಬೇಕು, ಅದಕ್ಕಿಂತ ಗುಂಜಿಯಷ್ಟೂ ಹೆಚ್ಚು ಬೇಡ. ಗಾಳಿಯಿಲ್ಲದ ಹೊಂಡಕ್ಕೆ ಮೂರೂವರೆ ಗ್ರಾಂ, ಗಾಳಿ ಎದ್ದರೆ ಏಳು. ಕೆರೆಯಲ್ಲಿ ಅಂತರಗಂಗೆ ಹಬ್ಬಿ ಅದರ ತೂತುಗಳಲ್ಲಿ ಇಳಿಸುವುದಾದರೆ ಹತ್ತು, ಹನ್ನೆರಡು ಗ್ರಾಂ ಬೇಕಾಗುತ್ತದೆ. ಆಗ ತೂಕ ಒಂದು ಕಡೆ, ಹುಳು ಒಂದು ಕಡೆ ಆಗದಂತೆ ತೂಕದ ತೂತಿಗೆ ಹಲ್ಲುಕಡ್ಡಿಯ ತುದಿ ಸಿಕ್ಕಿಸಿ ಮುರಿಯುವುದು ಹಳೆಯ ಉಪಾಯ. ಬೇವಿನ ಸಿಬಿರೂ ಆದೀತು. ತೂಕಗಳು ಹೆಚ್ಚಾಗಿ ಸೀಸದವು. ನೀರುಹಕ್ಕಿಗಳು ನುಂಗಿ ಸಾಯುತ್ತವೆಂದು ಬ್ರಿಟನ್ನಿನಲ್ಲಿ 1987ರಲ್ಲೇ ಸಣ್ಣ ಸೀಸದ ತೂಕಗಳನ್ನು ನಿಷೇಧಿಸಿದರು. ಟಂಗ್‌ಸ್ಟನ್ನಿನ ತೂಕ ಅಷ್ಟೇ ಭಾರಕ್ಕೆ ಚಿಕ್ಕದು, ತಳದ ಸುದ್ದಿಯನ್ನು ಚುರುಕಾಗಿ ಕೈಗೆ ಮುಟ್ಟಿಸುತ್ತದೆ. ಬೆಲೆ ಮಾತ್ರ ಹೊಟ್ಟೆ ಉರಿಸುವಂಥದ್ದು.

ಕೋಲು ಆರೂವರೆಯಿಂದ ಏಳು ಅಡಿ, ಮೀಡಿಯಂ ಹೆವಿ, ತುದಿ ಮಾತ್ರ ಬಾಗುವ ಫಾಸ್ಟ್ ಆ್ಯಕ್ಷನ್. ಕಾರಣ ಸರಳ: ಮೊನೆ ಮೊದಲು ಹುಳುವಿನ ಮೈ ಸೀಳಬೇಕು, ಆಮೇಲೆ ಮುರಲದ ಎಲುಬಿನ ದವಡೆಗೆ ನಾಟಬೇಕು. ಮೆತ್ತನೆಯ ಕೋಲು ನೀವು ಜಗ್ಗಿದ ಬಲವನ್ನೆಲ್ಲ ತಾನೇ ಬಾಗಿ ನುಂಗಿಬಿಡುತ್ತದೆ. ರೀಲು 2500 ಅಥವಾ 3000ದ ಸ್ಪಿನ್ನಿಂಗ್. ಹೆಬ್ಬೆರಳಿನಿಂದ ತಡೆಯುವ ಬೇಟ್‌ಕಾಸ್ಟರ್ ನೋಡಲು ಚೆಂದ, ಕಲಿಯದವನ ಕೈಯಲ್ಲಿ ದಾರದ ಸಿಕ್ಕು ಬಿಡಿಸುವುದರಲ್ಲೇ ಸಂಜೆಯಾಗುತ್ತದೆ. ದಾರಕ್ಕೆ ಸ್ವಲ್ಪ ಯೋಚನೆ ಬೇಕು. ನಮ್ಮ ಹಳೆಯ ತಂಗೂಸಿ ಜಗ್ಗಿದರೆ ಹಿಗ್ಗುತ್ತದೆ, ದೂರದಲ್ಲಿ ಕಚ್ಚಿದ ಮೀನಿಗೆ ಏಟು ಮುಟ್ಟುವುದಿಲ್ಲ. ಹೆಣೆದ ಬ್ರೇಡ್ ಹಿಗ್ಗುವುದೇ ಇಲ್ಲ ಎನ್ನಬಹುದು, ಕಳೆಯನ್ನು ಕೊಯ್ದುಕೊಂಡು ಬರುತ್ತದೆ, ಆದರೆ ನೀರಿಗಿಂತ ಹಗುರ, ತೇಲುತ್ತದೆ, ಕಣ್ಣಿಗೂ ಕಾಣುತ್ತದೆ. ಫ್ಲೋರೋಕಾರ್ಬನ್ ಮುಳುಗುತ್ತದೆ, ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಕಲ್ಲಿಗೆ ಉಜ್ಜಿದರೂ ತಾಳುತ್ತದೆ. ಆದ್ದರಿಂದ ರೀಲಿಗೆ ಮೂವತ್ತು ಪೌಂಡಿನ ಬ್ರೇಡ್, ತುದಿಗೆ ಒಂದು ಮಾರು ಇಪ್ಪತ್ತು ಪೌಂಡಿನ ಫ್ಲೋರೋಕಾರ್ಬನ್. ಅಂತರಗಂಗೆಯೊಳಗೆ ಇಳಿಸುವವರು ಐವತ್ತು ಪೌಂಡಿನ ಬ್ರೇಡನ್ನೇ ನೇರ ಗಾಳಕ್ಕೆ ಕಟ್ಟಲಿ, ಅಲ್ಲಿ ದಾರ ನೋಡುತ್ತ ಕೂರುವಷ್ಟು ಪುರಸೊತ್ತು ಮೀನಿಗಿಲ್ಲ. ಗಂಟು ಬಿಗಿಯುವಾಗ ಎಂಜಲು ಹಚ್ಚುವುದನ್ನು ಮರೆಯಬೇಡಿ. ಒಣದಾರದ ಗಂಟು ತನ್ನ ಬಿಸಿಗೆ ತಾನೇ ಸುಟ್ಟು ಸೊರಗುತ್ತದೆ.

ಇಷ್ಟೆಲ್ಲ ಹೊಂದಿಸಿದ ಮೇಲೂ ಹುಳು ಬರೀ ಪ್ಲಾಸ್ಟಿಕ್. ಜೀವ ಬರುವುದು ಮಣಿಕಟ್ಟಿನಿಂದ. ಎಸೆದ ಕೂಡಲೇ ರೀಲು ತಿರುಗಿಸುವುದು ಹುಡುಗರ ಮೊದಲ ಚಾಳಿ. ಬಹಳ ಸಲ ಮೀನು ಹಿಡಿಯುವುದು ಹುಳು ಇನ್ನೂ ಮುಳುಗುತ್ತಿರುವಾಗಲೇ. ಹಾಗಾಗಿ ಬಿದ್ದ ಮೇಲೆ ದಾರವನ್ನೇ ನೋಡಬೇಕು. ಇಳಿಯುತ್ತಿದ್ದ ದಾರ ನಡುವೆಯೇ ನಿಂತಿತೇ? ಪಕ್ಕಕ್ಕೆ ಸರಿಯಿತೇ? ಅದು ಮೀನು. ತಳ ಮುಟ್ಟಿದರೆ ಹತ್ತು ಎಣಿಸುವಷ್ಟು ಸುಮ್ಮನಿರಿ. ಕೋಲನ್ನು ಗಡಿಯಾರದ ಒಂಬತ್ತರಿಂದ ಹನ್ನೊಂದರ ತನಕ ಮೆಲ್ಲಗೆ ಎತ್ತಿ, ಇಳಿಸುತ್ತ ಸಡಿಲ ದಾರವನ್ನಷ್ಟೇ ಸುತ್ತಿಕೊಳ್ಳಿ. ಹುಳು ಒಂದು ಗೇಣು ಹಾರಿ ಮತ್ತೆ ಬೀಳುತ್ತದೆ. ಡಿಸೆಂಬರ್, ಜನವರಿಯ ಥಂಡಿಯಲ್ಲಿ ಇದನ್ನೂ ಅರ್ಧಕ್ಕೆ ಇಳಿಸಬೇಕು. ಮೀನಿನ ಮೈ ಆಗ ಜಡ, ಎದ್ದು ಬರುವ ಮನಸ್ಸಿರುವುದಿಲ್ಲ. ಕಚ್ಚಿದ್ದು ಕೈಗೆ ಟುಕ್ ಎಂದರೆ ತಕ್ಷಣ ಜಗ್ಗಬೇಡಿ. ಕೋಲನ್ನು ನೀರಿನ ಕಡೆ ತಗ್ಗಿಸಿ, ಸಡಿಲ ಸುತ್ತಿ, ಭಾರ ತಿಳಿದಾಗ ಒಮ್ಮೆಲೆ ಮೇಲಕ್ಕೆ ಏಟು ಕೊಡಿ. ಗಟ್ಟಿ ಮರದ, ಲೋಹದ ಹುಸಿಮೀನನ್ನು ಕಚ್ಚಿದ ಮೀನು ಕ್ಷಣದಲ್ಲಿ ಉಗುಳುತ್ತದೆ. ಮೆತ್ತನೆಯ ಹುಳುವನ್ನು ಸ್ವಲ್ಪ ಹೊತ್ತು ಬಾಯಲ್ಲಿ ಹೊರಳಿಸುತ್ತದೆ, ಆ ಹೊತ್ತೇ ನಮ್ಮದು.

ದರೂರ ಸೇತುವೆಯ ಕೆಳಗೆ ಬಿದಿರು ಕೋಲು ಹಿಡಿದು ಕೂರುವ ಹಿರಿಯರೊಬ್ಬರಿಗೆ ಈ ಹುಳು ತೋರಿಸಿದ್ದೆ. ಅವರು ಅದನ್ನು ಹಿಸುಕಿ, ಮೂಸಿ, ತಿರುಗಿಸಿ ನೋಡಿದರು.

“ಇದನ್ನ ತಿಂದು ಮೀನಿನ ಹೊಟ್ಟಿ ತುಂಬತೈತೇನೋ ತಮ್ಮಾ?”

“ತುಂಬೂದಿಲ್ಲ ಕಾಕಾ. ಅದಕ್ಕs ಅದು ಉಗುಳೂದರೊಳಗ ಜಗ್ಗಬೇಕು.”

“ಹಂಗಾರ ನಮ್ಮ ಎರಿಹುಳಾನ ಚಲೋ ಬಿಡು. ಅದು ನುಂಗೂ ತನಕ ಒಂದ್ ಬೀಡಿ ಸೇದಬಹುದು.”

ಕಾಕಾ ಹೇಳಿದ್ದರಲ್ಲಿ ನಿಜವಿದೆ. ಆದರೆ ನುಂಗಿದ ಗಾಳ ಕರುಳಿಗೆ ಇಳಿದಿರುತ್ತದೆ, ಆ ಮೀನನ್ನು ಬಿಡುವ ಮಾತೇ ಇಲ್ಲ. ರಬ್ಬರ್ ಹುಳು ಹೆಚ್ಚಾಗಿ ತುಟಿಗೆ ನಾಟುತ್ತದೆ. ಸಣ್ಣ ಮರಿ ಸಿಕ್ಕರೆ ಬಿಟ್ಟು ಕಳಿಸಬಹುದು. ನನಗೆ ಈ ಹುಳು ಹಿಡಿಸಿದ್ದು ಮುಖ್ಯವಾಗಿ ಆ ಕಾರಣಕ್ಕೆ.

ಇದೆಲ್ಲ ಹೊರಗಿನವರ ಆಟ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಈ ನೆಲ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ, ಅವರ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಹನ್ನೆರಡನೆಯ ಶತಮಾನದ ಆ ಗ್ರಂಥದ ವಿನೋದಗಳ ಭಾಗದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಮೀನುಗಳನ್ನು ಹೊಳೆಯವು, ಕಡಲಿನವು, ಪರೆಯುಳ್ಳವು, ಪರೆಯಿಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಏನು ತಿನ್ನಿಸಿ ಒಂದೆಡೆ ಕೂಡಿಸಬೇಕು, ಗಾಳ ಹಾಕುವುದು ಹೇಗೆ ಎಂದೆಲ್ಲ ಹೇಳಿದ್ದಾನೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಕಳೆದ ಶತಮಾನದ ನಡುವಿನಲ್ಲಿ ಇದನ್ನು ವಿದ್ವಾಂಸರ ಗಮನಕ್ಕೆ ತಂದರು. ಅದಕ್ಕೂ ಮುಂಚೆಯೇ, ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ತಂದ. ಅದು ಅಚ್ಚಾದದ್ದು ಮಂಗಳೂರಿನಲ್ಲಿ. ದೊಡ್ಡ ಹೊಳೆಯ ಮಹಶೀರ್ ಅವನ ಹುಚ್ಚಾಗಿದ್ದರೂ ಮುಂದೆ ಕೆರೆಯ ಗಾಳದ ಬಗ್ಗೆಯೇ ಪ್ರತ್ಯೇಕ ಪುಸ್ತಕ ಬರೆದ. ಕಾವೇರಿಯ ಮಹಶೀರ್ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ, ನಮ್ಮ ಬಯಲುಸೀಮೆಯ ಕೆರೆ, ಹೊಂಡಗಳನ್ನು ಕೇಳುವವರಿಲ್ಲ.

ಬಣ್ಣದ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಕಂಪನಿಗಳು ನೂರು ಬಣ್ಣ ಮಾಡುತ್ತವೆ. ಅದರಲ್ಲಿ ತೊಂಬತ್ತು ಮನುಷ್ಯರನ್ನು ಹಿಡಿಯಲಿಕ್ಕೆ ಎಂದು ನನ್ನ ಗುಮಾನಿ. ಮಳೆಗಾಲದ ಕೆಂಪು ನೀರಿಗೆ ಕಪ್ಪು, ಇಲ್ಲವೇ ಕಡು ನೀಲಿ, ಏಕೆಂದರೆ ಕದಡಿದ ನೀರಿನಲ್ಲಿ ಮೀನಿಗೆ ಕಾಣುವುದು ನೆರಳಿನಂಥ ಆಕಾರ. ತಿಳಿ ನೀರಿಗೆ ಕಂದು, ಪಾಚಿ ಹಸಿರು. ಎರಡು ಪೊಟ್ಟಣ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಗಾಳ ಕೊಳ್ಳಿ, ಮೊಂಡು ಮೊನೆಯ ಮುಂದೆ ಯಾವ ಬಣ್ಣವೂ ಕೆಲಸ ಮಾಡುವುದಿಲ್ಲ.

ಹೊಳೆಗೆ ಹೋಗುವವರಿಗೆ ಮಾತು ಬೇರೆ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ನಿಂತ ಕಡೆ ತಳದಲ್ಲಿ ಹೂಳು. ಭಾರದ ತೂಕ ಹುಳುವನ್ನೂ ಎಳೆದುಕೊಂಡು ಕೆಸರಿನೊಳಗೆ ಹೂತುಹೋಗುತ್ತದೆ. ಅಲ್ಲಿ ತೂಕವನ್ನು ಹಿಂದೆ ಬಿಟ್ಟು, ಮಧ್ಯೆ ಸ್ವಿವೆಲ್ ಹಾಕಿ, ಎರಡಡಿ ದಾರದ ತುದಿಯಲ್ಲಿ ಹುಳು ಕಟ್ಟುವ ಕ್ಯಾರೊಲೈನಾ ಕಟ್ಟು ಲೇಸು. ತೂಕ ಕೆಸರು ಕಲಕುತ್ತ ಬರುತ್ತದೆ, ಹುಳು ಅದರ ಮೇಲೆ ತೇಲಿದಂತೆ ಹಿಂಬಾಲಿಸುತ್ತದೆ. ಹುಳುವಿನ ನಡುವಿಗೇ ಗಾಳ ಚುಚ್ಚಿ ಎರಡೂ ತುದಿ ಅಲುಗಾಡುವಂತೆ ಇಳಿಬಿಡುವ ವ್ಯಾಕಿ ಕಟ್ಟು ತೆರೆದ ನೀರಿಗೆ ಚೆಂದ. ಆದರೆ ಮೊನೆ ಹೊರಗಿರುವುದರಿಂದ ಕಳೆಯಲ್ಲೂ, ಹಾಳೆಯ ಹೊಂಡದಲ್ಲೂ ಬೇಡ. ಮತ್ತೆ, ಕೃಷ್ಣೆಯಲ್ಲಿ ಮೊಸಳೆಗಳಿವೆ. ಹೊಳೆ ಇಳಿದ ಮೇಲೆ ಹೊಲದಲ್ಲಿ ಸಿಕ್ಕ ಸುದ್ದಿಯನ್ನು ಈ ಭಾಗದವರು ಆಗಾಗ ಓದುತ್ತಲೇ ಇರುತ್ತಾರೆ. ಮೊಣಕಾಲು ನೀರಿನಲ್ಲಿ ನಿಂತು ಎಸೆಯುವ ವಿದೇಶಿ ವಿಡಿಯೋಗಳನ್ನು ಇಲ್ಲಿ ಅನುಕರಿಸಬೇಡಿ. ದಂಡೆಯಿಂದ ನಾಲ್ಕು ಹೆಜ್ಜೆ ಹಿಂದೆ, ಕಣ್ಣಿಗೆ ನೀರು ಪೂರ್ತಿ ಕಾಣುವ ಕಡೆ ನಿಲ್ಲಿ. ಸಿಕ್ಕಿಕೊಂಡ ಹುಳು ಬಿಡಿಸಲು ನೀರಿಗೆ ಇಳಿಯುವುದಂತೂ ಬೇಡವೇ ಬೇಡ.

ಕೆರೆಗಳನ್ನು ಮೀನುಗಾರಿಕೆಗೆ ಗುತ್ತಿಗೆ ಕೊಡುವ ಪದ್ಧತಿಯಿದೆ. ಗುತ್ತಿಗೆ ಹಿಡಿದವರನ್ನು ಕೇಳದೆ ಗಾಳ ಹಾಕಿದರೆ ಜಗಳ ಖಂಡಿತ, ನ್ಯಾಯವೂ ಅವರ ಕಡೆಗೇ. ತೋಟದ ಹೊಂಡದ ಧಣಿಗಳು ಮಾತ್ರ ಮುರಲ ಹಿಡಿಯುತ್ತೇನೆಂದರೆ ಸಂತೋಷದಿಂದ ಕರೆಯುತ್ತಾರೆ, ಅವರ ಕಾಟ್ಲಾ ಮರಿಗಳನ್ನು ತಿನ್ನುವುದು ಅದೇ ತಾನೆ. ಕೆರೆಯಲ್ಲಿ ಲೆಕ್ಕ ಬೇರೆ. ಮಳೆ ಶುರುವಾದ ಮೇಲೆ ನೀರಿನ ಮೇಲೆ ಮುರಲದ ಕೆಂಪು ಕೆಂಪಾದ ಸಣ್ಣ ಮರಿಗಳ ಗುಂಪು ಗುಳುಗುಳು ಎನ್ನುತ್ತ ಸಾಗುವುದು ಕಾಣುತ್ತದೆ. ಕೆಳಗೆ ತಾಯಿ, ತಂದೆ ಕಾವಲಿರುತ್ತವೆ. ಆ ಗುಂಪಿನ ನಡುವೆ ಏನು ಎಸೆದರೂ ದೊಡ್ಡ ಮೀನು ಸಿಟ್ಟಿನಿಂದ ಬಂದು ಕಚ್ಚುತ್ತದೆ. ಅದು ಹಸಿವಿನ ಕಚ್ಚಲ್ಲ. ಹಾಗೆ ಹಿಡಿದವರು ಫೋಟೊ ಹಾಕಿ ಮೆರೆಯುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾವಲು ತಪ್ಪಿದ ಮರಿಗಳನ್ನು ಸಂಜೆಯೊಳಗೆ ಉಳಿದ ಮೀನು, ಹಕ್ಕಿಗಳು ಮುಗಿಸಿಬಿಡುತ್ತವೆ. ಮರಿ ಕಂಡ ಕೆರೆಯಲ್ಲಿ ಆ ಹಂಗಾಮು ಗಾಳ ಹಾಕುವುದೇ ಬೇಡ.

ಹುಳು ಹರಿದು ತುಂಡಾದರೆ ನೀರಿಗೆ ಬಿಸಾಡುವ ರೂಢಿ ಬೆಳೆಯುತ್ತಿದೆ. ಪಿವಿಸಿ ಕೊಳೆಯುವುದಿಲ್ಲ, ಮೀನು ನುಂಗಿದರೆ ಹೊಟ್ಟೆಯಲ್ಲೇ ಕೂರುತ್ತದೆ. ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಬನ್ನಿ, ಎರಡು ತುಂಡನ್ನು ಲೈಟರಿನಿಂದ ಕಾಯಿಸಿ ಕೂಡಿಸಿದರೆ ಇನ್ನೊಂದು ಸಂಜೆಗೆ ಆಗುತ್ತದೆ, ಹೊಗೆ ಮಾತ್ರ ಕುಡಿಯಬೇಡಿ.

ಕೊನೆಗೆ, ಹುಡುಗರು ಆಗಾಗ ಕೇಳುವ ಪ್ರಶ್ನೆ: ಅಷ್ಟು ಚೆಂದದ ಮೀನು, ಬಾಸನ್ನೇ ತಂದು ನಮ್ಮ ಹೊಂಡಕ್ಕೆ ಬಿಟ್ಟರೆ ಹೇಗೆ? ಜಪಾನಿನವರು 1925ರಲ್ಲಿ ಆಶಿ ಸರೋವರಕ್ಕೆ ತಂದು ಬಿಟ್ಟರು. 2009ರಲ್ಲಿ ಅಲ್ಲಿಯ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಹತ್ತು ಕಿಲೊ ಮೀರಿದ ಬಾಸ್, 1932ರಲ್ಲಿ ಅಮೆರಿಕದ ಜಾರ್ಜ್ ಪೆರ್ರಿ ಮಾಡಿದ್ದ ವಿಶ್ವದಾಖಲೆಗೆ ಸರಿಸಮ ನಿಂತಿತು. ಅಷ್ಟರಲ್ಲಿ ಬಾಸ್ ಅಲ್ಲಿಯ ನಾಡಮೀನುಗಳನ್ನು ತಿಂದು ತೇಗುತ್ತಿತ್ತು. 2005ರಲ್ಲೇ ಸರ್ಕಾರ ಅದನ್ನು ಹಾನಿಕಾರಕ ಪರದೇಶಿ ಮೀನೆಂದು ಸಾರಿ, ಸಾಕುವುದನ್ನೂ ಸಾಗಿಸುವುದನ್ನೂ ನಿಷೇಧಿಸಿತ್ತು. ನಮಗೆ 1952ರಲ್ಲಿ ತಂದ ಜಿಲೇಬಿ ಮೀನೂ, ನಿಷೇಧವಿದ್ದರೂ ಹಳ್ಳ ಸೇರಿದ ಆಫ್ರಿಕನ್ ಕ್ಯಾಟ್‌ಫಿಶ್ಶೂ ಈಗಾಗಲೇ ಇವೆ. ಹೊಂಡ ಕೋಡಿ ಬಿದ್ದರೆ ನೀರು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಹುಳು ಆಕ್ರನ್ನಿನದಿರಲಿ, ಮೀನು ನಮ್ಮ ಮುರಲವೇ ಸಾಕು.